ಮುಂದಿನ ವಾರದ ಸಂಪಾದಕ

ಶಿವಪುತ್ರನಿಗೆ ಇವತ್ತು ಅನ್ನುವ ದಿನವೇ ಇರಲಿಲ್ಲ.

ವಾರಪತ್ರಿಕೆಯ ಸಂಪಾದಕರ ಪಾಡೇ ಹಾಗೆ. ಶ್ರಾವಣದಲ್ಲಿ ಕೂತು ದೀಪಾವಳಿ ವಿಶೇಷಾಂಕಕ್ಕೆ ಕಥೆ ಆರಿಸಬೇಕು. ಮನೆಯಲ್ಲಿ ನಿಜವಾಗಿ ದೀಪ ಹಚ್ಚುವ ಹೊತ್ತಿಗೆ ತಲೆಯೊಳಗೆ ಸಂಕ್ರಾಂತಿ ನಡೆದಿರುತ್ತದೆ. ಹೆಂಡತಿ ಬಡಿಸಿದ ಹೋಳಿಗೆ ತಿಂದು, ಇವತ್ತು ಯಾವ ಹಬ್ಬ ಎಂದು ಈ ಮಹಾರಾಯ ಕೇಳಿದ್ದೂ ಉಂಟು.

ಈ ಚಾಳಿಯೇ ಅವನನ್ನು ಮೇಲೆ ತಂದಿತು. ಕರಡು ತಿದ್ದುವವನಾಗಿ ಸೇರಿದವನು ಉಪಸಂಪಾದಕನಾದ, ಸಂಪಾದಕನಾದ. ಈಗ ಸಂಸ್ಥೆಯ ಎಲ್ಲ ಪತ್ರಿಕೆಗಳಿಗೂ ಟಿವಿ ವಾಹಿನಿಗೂ ಅವನೇ ಮುಖ್ಯಸ್ಥ. ಮುಂದೇನು ಎಂಬುದು ಇವನಿಗೆ ಎಲ್ಲರಿಗಿಂತ ಮೊದಲು ಹೊಳೆಯುತ್ತದೆ ಎಂದು ಮಾಲೀಕರು ಬೆನ್ನು ತಟ್ಟುತ್ತಿದ್ದರು. ಅದರಿಂದ ಅವನ ನಿದ್ದೆ ಕೆಟ್ಟದ್ದು ಅವರಿಗೇನು ಗೊತ್ತು.

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ನಾಡಿಗೆಲ್ಲ ಬೇಕಾದ ಮಹಾಂತಜ್ಜ ಹಾಸಿಗೆ ಹಿಡಿದಿದ್ದಾರೆ, ಇನ್ನು ಹೆಚ್ಚು ದಿನ ಇಲ್ಲ ಎಂಬ ಸುದ್ದಿ ಬಂತು. ತಾಯಿ ತಂದೆ ಇಲ್ಲದ ಶಿವಪುತ್ರನಿಗೆ ಅನ್ನ ಹಾಕಿ, ಅಕ್ಷರ ಕಲಿಸಿದವರು ಅವರೇ. ಅವನು ಕೈಯಲ್ಲಿದ್ದ ಕೆಲಸವನ್ನು ಬೇಗಬೇಗ ಮುಗಿಸಿ ಓಡಿ ಬಂದ.

ಬಂದವನು ಹಾಸಿಗೆಯ ಪಕ್ಕ ಕೂತ. ಕೂತಲ್ಲೇ ಗಡಿಯಾರ ನೋಡಿದ. ಎದ್ದು ಕಿಟಕಿಗೆ ಹೋದ, ಮತ್ತೆ ಬಂದು ಕೂತ.

ಅಜ್ಜ ಕಣ್ಣು ಮುಚ್ಚಿಕೊಂಡೇ, ಏನಾಗಿದೆ ಎಂದು ಕೇಳಿದರು.

"ಅಜ್ಜಾರ, ನನ್ನ ಮನಸ್ಸು ಒಂದ ಕಡೆ ನಿಲ್ಲವಲ್ದ್ರಿ. ನಿಮ್ಮ ಹತ್ರ ಕೂತರೂ ನಿಲ್ಲವಲ್ದು."

"ಈಗ ಎಲ್ಲೈತಿ?"

"ಮುಂದಿನ ವಾರದಾಗ ಐತ್ರಿ."

"ಅಲ್ಲಿ ನಾ ಅದೀನೇನು?"

ಎಲ್ಲಿ ಯಾರಿಗೆ ಏನೇ ಹೇಳಿದರೂ, ಅಜ್ಜನ ಮುಂದೆ ಶಿವಪುತ್ರ ಸುಳ್ಳು ಹೇಳಿದವನಲ್ಲ. ತಲೆ ತಗ್ಗಿಸಿ ಎಲ್ಲ ಹೇಳಿಬಿಟ್ಟ. ಹೊರಡುವ ಮೊದಲು ಅಜ್ಜನ ಶ್ರದ್ಧಾಂಜಲಿ ಸಂಚಿಕೆ ಸಿದ್ಧ ಮಾಡಿಟ್ಟು ಬಂದಿದ್ದ. ಮುಖಪುಟದ ಚಿತ್ರ ಆರಿಸಿಯಾಗಿತ್ತು, ಮುಖ್ಯ ಲೇಖನ ತಾನೇ ಬರೆದಿದ್ದ. ತಾರೀಖು ಒಂದು ತುಂಬುವುದಷ್ಟೇ ಬಾಕಿ. ಬರೆಯುವಾಗ ಅಳು ಬರಲಿಲ್ಲ, ಒಳ್ಳೆಯ ಶೀರ್ಷಿಕೆ ಹೊಳೆದಾಗ ಖುಷಿಯಾಯಿತು. ಆ ಖುಷಿ ನೆನೆದರೆ ಈಗ ತನ್ನ ಮೇಲೆ ತನಗೇ ಹೇಸಿಗೆ ಎಂದ.

ಅಜ್ಜ ಕಣ್ಣು ತೆರೆದರು. ಸಿಟ್ಟಾಗುತ್ತಾರೆ ಎಂದುಕೊಂಡರೆ ಓದು ಅಂದರು.

ಶಿವಪುತ್ರ ಮೊಬೈಲು ತೆಗೆದು ಓದತೊಡಗಿದ. ಅಜ್ಜ ಪಕ್ಕದ ಊರಿನ ಯಾರದೋ ಸುದ್ದಿ ಕೇಳುವವರ ಹಾಗೆ ಕೇಳಿದರು. ಅವರಿಗೆ ಸಿಟ್ಟು ಎಂಬುದೇ ಗೊತ್ತಿರಲಿಲ್ಲ ಎಂಬ ಸಾಲು ಬಂದಾಗ ಕೈ ಎತ್ತಿ ತಡೆದರು.

"ಅದನ್ನ ಹೊಡದ ಹಾಕು. ಸಾಲಿ ತಪ್ಪಿಸಿ ಹೊಳ್ಯಾಗ ಈಸಾಕ ಹೋದಾಗ ನಿನ್ನ ಬೆನ್ನಿಗೆ ಬಿದ್ದ ಏಟು ಮತ್ತೇನು?"

ಶಿವಪುತ್ರನಿಗೆ ನಗು ಬಂತು. ನಗುತ್ತಲೇ ಮುಂದಿನ ಸಾಲು ಓದಲು ಹೋದ. ಉಳಿದದ್ದನ್ನು ಓದಲಾಗಲಿಲ್ಲ. ಹಾಸಿಗೆಯ ಅಂಚಿಗೆ ಹಣೆಯಿಟ್ಟು ಚಿಕ್ಕ ಹುಡುಗನ ಹಾಗೆ ಅತ್ತ.

ಅತ್ತು ಹಗುರಾದ ಮೇಲೆ ಮುಖ ಒರೆಸಿಕೊಂಡ. ಅಷ್ಟರಲ್ಲಿ ಮೊಬೈಲು ಗುಂಯ್‌ಗುಟ್ಟಿತು, ಕಚೇರಿಯಿಂದ. ಅವನು ಅಭ್ಯಾಸದಂತೆ ಎದ್ದುಬಿಟ್ಟ. ಅಪ್ಪಣೆ ಕೊಡಿ, ಅಲ್ಲಿ ಕೆಲಸ ಬಹಳ ಬಿದ್ದಿದೆ ಎಂದು ಕೈಮುಗಿದ.

ಅಜ್ಜ ಅವನ ಅಂಗಿಯ ತುದಿ ಹಿಡಿದುಕೊಂಡರು. ಆ ಬೆರಳುಗಳಲ್ಲಿ ಬಲವೇ ಇರಲಿಲ್ಲ, ಆದರೂ ಅವನು ನಿಂತ.

"ನಾ ಸತ್ತ ಮ್ಯಾಲಿನ ಕೆಲಸ ಎಲ್ಲಾ ಮುಗಿಸೇ ಬಂದೀಯಲ್ಲೋ ತಮ್ಮಾ. ಇನ್ನ ನಾ ಇರೋತನಕ ನಿನಗೇನು ಕೆಲಸ ಐತಿ?"