ನಾಲಿಗೆ ಬಿಟ್ಟುಹೋದ ಮಂತ್ರ

ಹಾಲೇಶಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇರಲಿಲ್ಲ. ಹೊಳೆ ಏರಿದ ಮೇಲಂತೂ ಕೇಳುವುದೇ ಬೇಡ. ದಡಕ್ಕೆ ಹೋಗುವನು, ನೀರು ನೋಡುವನು, ಆಶ್ರಮಕ್ಕೆ ಬರುವನು, ಬಂದ ಕಾಲಲ್ಲೇ ಮತ್ತೆ ದಡಕ್ಕೆ ಹೋಗುವನು.

ಆಚೆ ದಡದ ಹಳ್ಳಿಯಲ್ಲಿ ಅವನ ತಂಗಿ ಗಿರಿಜೆ ಇದ್ದಳು. ಹಸಿ ಬಾಣಂತಿ. ಬಿಲದೊಳಗೆ ನೀರು ನುಗ್ಗಿ ಹಾವುಗಳೆಲ್ಲ ಮನೆ ಹೊಗುತ್ತಿವೆ ಎಂದು ದೋಣಿ ನಡೆಸುವ ಕೆಂಚವ್ವ ಸುದ್ದಿ ತಂದಿದ್ದಳು. ಆಗಿನಿಂದ ಅವನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಅವನ ಗುರು ಕದಳಯ್ಯ ಜಗಲಿಯಲ್ಲಿ ಬೇರು ಕುಟ್ಟುತ್ತ ಕೂತಿದ್ದರು. ಅವರ ತುಟಿ ಆಗಾಗ ಅಲ್ಲಾಡುತ್ತಿತ್ತು. ಜಪವಿರಬೇಕು ಎಂದು ಹಾಲೇಶಿ ಎಂದಿನಿಂದಲೋ ತಿಳಿದುಕೊಂಡಿದ್ದ.

"ಅಯ್ಯ, ವಿಷ ಇಳಿಸೋ ಮಂತ್ರ ನಂಗೆ ಬರುತ್ತೆ. ಒಂದು ಓಲೆ ಬರೆದು ಗಿರಿಜೆಗೆ ಕಳಿಸ್ಲಾ?"

"ಯಾರಿಗಾದರೂ ಕಚ್ಚಿದೆಯಾ?"

"ಇಲ್ಲ."

"ಹಾಗಾದ್ರೆ ಬೇಡ."

ಓಲೆ ಬರೆಯುವುದಕ್ಕೆ ಆ ಆಶ್ರಮದಲ್ಲೊಂದು ಕಟ್ಟಳೆ ಇತ್ತು. ಮಂತ್ರವನ್ನು ತಾಳೆಗರಿಯ ಮೇಲೆ ಬರೆದರೆ ಅದು ಬರೆದವನ ನಾಲಿಗೆ ಬಿಟ್ಟು ಓಲೆಗೆ ಇಳಿಯುತ್ತಿತ್ತು. ಕಚ್ಚಿದ ಗಾಯದ ಮೇಲೆ ಯಾರೇ ಆ ಓಲೆ ಇಟ್ಟರೂ ವಿಷ ಇಳಿದು ಅಕ್ಷರ ಅಳಿಸಿಹೋಗುತ್ತಿತ್ತು. ಆಗ ಮಂತ್ರ ಬರೆದವನ ಬಾಯಿಗೆ ಮರಳುತ್ತಿತ್ತು.

ಅಲ್ಲಿಯವರೆಗೆ ಅವನ ಬಾಯಿ ಖಾಲಿ. ಇನ್ನೊಂದು ಓಲೆ ಬರೆಯಲು ಬಾರದು, ಎದುರಿಗೆ ಬಂದವರಿಗೆ ಹೇಳಲೂ ಬಾರದು. ಅದಕ್ಕೇ ಕಚ್ಚಿಸಿಕೊಂಡವರು ದೂರದಲ್ಲಿದ್ದರೆ ಮಾತ್ರ ಬರೆಯಬೇಕು, ಮುಂದೆ ಬೇಕಾದೀತೆಂದು ಬರೆದಿಡಬಾರದು.

"ಹೋಗ್ಲಿ, ಒಂದು ಗಡಿಗೆ ಕಷಾಯಾನಾದ್ರೂ ಮಂತ್ರಿಸಿ ಕಳಿಸ್ತೀನಿ."

"ಗಡಿಗೆಗೆ ಹೋಗೋದೂ ಅದೇ ಮಂತ್ರ ತಾನೇ? ಅಷ್ಟು ಭಯ ಇದ್ರೆ ನೀನೇ ದೋಣಿ ಹತ್ತು. ನೀರು ಇಳಿಯೋವರೆಗೂ ತಂಗಿ ಮನೇಲಿರು."

"ಇಲ್ಲಿ ನಿಮ್ಮನ್ನ ಯಾರು ನೋಡ್ಕೋತಾರೆ? ಕಣ್ಣು ಮಂಜಾಗಿದೆ. ಕಾಲಿಗೆ ಸಿಕ್ಕಿದ್ದು ಹಗ್ಗವೋ ಹಾವೋ ನಿಮಗೆ ತಿಳಿಯೋದಿಲ್ಲ."

"ಹಾಗಾದ್ರೆ ಇಲ್ಲೇ ಇರು."

"ಅಲ್ಲಿ ಅವಳು?"

ಅಯ್ಯ ಪಕ್ಕದಲ್ಲಿದ್ದ ನೀರಿನ ಸೋರೆಬುರುಡೆ ತೆಗೆದು ಅವನ ಕೈಗೆ ಕೊಟ್ಟರು.

"ಇದನ್ನ ಜಗಲಿ ಆ ತುದಿಗೂ ಇಡು, ಈ ತುದಿಗೂ ಇಡು."

"ಇರೋದು ಒಂದೇ ಅಲ್ವಾ ಅಯ್ಯ?"

"ಹೌದಲ್ವಾ" ಎಂದು ಅಯ್ಯ ಮತ್ತೆ ಬೇರು ಕುಟ್ಟತೊಡಗಿದರು.

ಹಾಲೇಶಿಗೆ ಮೈಯೆಲ್ಲ ಉರಿಯಿತು. ಒಡಹುಟ್ಟಿದವರು ಇದ್ದಿದ್ದರೆ ಈ ಮುದುಕರಿಗೆ ಸಂಕಟ ತಿಳಿಯುತ್ತಿತ್ತು ಎಂದು ಗೊಣಗಿಕೊಂಡ. ಕೊಟ್ಟಿಗೆಯ ಹಿಂದೆ ಕೂತು ಗರಿಯ ಮೇಲೆ ಮಂತ್ರ ಕೊರೆದ. ಕೊನೆಯ ಅಕ್ಷರ ಮುಗಿಯುತ್ತಲೇ ನಾಲಿಗೆಯಿಂದ ಏನೋ ಜಾರಿಹೋದಂತಾಯಿತು.

"ಅಯ್ಯನೋರು ಕೊಟ್ಟಿದ್ದಾ?" ಎಂದು ಕೆಂಚವ್ವ ಓಲೆ ತೆಗೆದುಕೊಳ್ಳುತ್ತ ಕೇಳಿದಳು.

"ಸುಮ್ನೆ ತಗೊಂಡೋಗವ್ವ."

"ನಿನ್ನ ಮುಖ ನೋಡಿದ್ರೆ ಬೆಲ್ಲ ಕದ್ದೋನ ಹಾಗಿದೆ" ಎಂದು ಅವಳು ದೋಣಿ ನೂಕಿದಳು.

ಇನ್ನು ನೆಮ್ಮದಿ ಎಂದುಕೊಂಡ ಹಾಲೇಶಿ. ಎಲ್ಲಿಯ ನೆಮ್ಮದಿ? ದೋಣಿ ಆಚೆ ದಡ ಮುಟ್ಟಿದ್ದೇ ಹೊಸ ಸಂಕಟ ಶುರುವಾಯಿತು. ಮಂತ್ರ ಬಾಯಿಗೆ ಮರಳಿತೆಂದರೆ ಅಲ್ಲಿ ಯಾರಿಗೋ ಕಚ್ಚಿತೆಂದೇ ಅರ್ಥ. ಬಾಯಿ ತೆರೆದು ಹೇಳಲು ನೋಡಿದ. ಬರಲಿಲ್ಲ. ಸದ್ಯ ಎಂದುಕೊಂಡ. ಕೊಡ ತುಂಬುವಷ್ಟರಲ್ಲಿ ಮತ್ತೆ ನೋಡಿದ. ರಾತ್ರಿಯೆಲ್ಲ ಇದೇ ಗತಿ.

ಬೆಳಗಾಯಿತು. ಹಾಲೇಶಿ ಅಂಗಳ ಗುಡಿಸುತ್ತಿದ್ದ. ಸೌದೆ ರಾಶಿಯ ಹತ್ತಿರದಿಂದ ಅಯ್ಯನ ದನಿ ಕೇಳಿತು.

"ಹಾಲೇಶಿ, ಬಾ ಇಲ್ಲಿ. ಕಚ್ಚಿತು."

ಅವರ ಮುಂಗೈಯಲ್ಲಿ ಹಲ್ಲಿನ ಗುರುತಿತ್ತು. ಅಯ್ಯ ಗೋಡೆಗೆ ಒರಗಿ ಕೂತು ಕೈ ಮುಂದೆ ಚಾಚಿದರು.

"ಮಂತ್ರ ಹೇಳು."

ಹಾಲೇಶಿ ಬಾಯಿ ತೆರೆದ. ಬರೀ ಗಾಳಿ ಬಂತು.

"ಗಿರಿಜೆಗೆ ಬರೆದು ಕಳಿಸಿಬಿಟ್ಟೆ ಅಯ್ಯ. ನಿನ್ನೆ. ನಿಮಗೆ ಹೇಳಲಿಲ್ಲ. ತಪ್ಪಾಯ್ತು. ನೀವೇ ಹೇಳ್ಕೊಳ್ಳಿ, ಬೇಗ."

"ತನಗೆ ತಾನೇ ಹೇಳ್ಕೊಂಡ್ರೆ ಆ ಮಂತ್ರ ಹತ್ತೋದಿಲ್ಲ. ಅದೂ ಅಲ್ದೆ, ನಂಗೆ ಬರೋದಿಲ್ಲ."

"ಬರೋದಿಲ್ಲ ಅಂದ್ರೆ? ನಂಗೆ ಕಲಿಸಿದವರೇ ನೀವು."

"ಕಲಿಸಿ ಆದ್ಮೇಲೆ ಹೋಯ್ತು."

ಅಯ್ಯನ ಮಾತು ತೊದಲತೊಡಗಿತ್ತು. ಮಂತ್ರ ಹಾಗೆ ಹೋಗಬೇಕಾದರೆ ಓಲೆಗೇ ಇಳಿದಿರಬೇಕು ಎಂದು ಹಾಲೇಶಿಗೆ ಹೊಳೆಯಿತು.

"ಓಲೆ ಬರೆದ್ರಾ? ಎಲ್ಲಿದೆ? ಯಾರ ಹತ್ರ ಇದೆ?"

ಅಯ್ಯ ಕಚ್ಚದ ಕೈಯನ್ನು ಕಷ್ಟಪಟ್ಟು ಎತ್ತಿ ಅವನ ಕೊರಳನ್ನು ಮುಟ್ಟಿದರು.

ಅಲ್ಲೊಂದು ತಾಮ್ರದ ತಾಯಿತ ಇತ್ತು. ಬೇರು ತರಲು ಹಾಲೇಶಿ ಮೊದಲ ಸಲ ಒಬ್ಬನೇ ಕಾಡಿಗೆ ಹೊರಟ ದಿನ ಅಯ್ಯ ಕಟ್ಟಿದ್ದು. ಹಾವು ಕಚ್ಚಿದರೆ ಬಿಚ್ಚಿ ಒಳಗಿರುವುದನ್ನು ಗಾಯದ ಮೇಲಿಡು ಎಂದಿದ್ದರು. ಒಳಗೆ ವಿಭೂತಿ ಇದೆ ಎಂದು ಅವನು ಇಷ್ಟು ವರ್ಷ ನಂಬಿದ್ದ.

ದಾರ ಹರಿದ. ಮುಚ್ಚಳ ಬಿಗಿಯಾಗಿತ್ತು, ಹಲ್ಲಲ್ಲಿ ಕಚ್ಚಿ ತೆಗೆದ. ಸುರುಳಿ ಸುತ್ತಿದ ಓಲೆ ಹೊರಬಂತು. ಅಯ್ಯನದೇ ಅಕ್ಷರ. ಗಾಯದ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿದ.

ತುಂಬ ಹೊತ್ತು ಏನೂ ಆಗಲಿಲ್ಲ. ಹಾಲೇಶಿ ಅಳುತ್ತಲೇ ಕೂತಿದ್ದ. ಆಮೇಲೆ ಅಕ್ಷರಗಳು ಒಂದೊಂದಾಗಿ ಅಳಿಸಿಹೋದವು. ಅಯ್ಯ ದೊಡ್ಡದಾಗಿ ಉಸಿರೆಳೆದುಕೊಂಡರು. ಅವರ ತುಟಿಯಿಂದ ಮಂತ್ರ ಮೆಲ್ಲಗೆ ಹೊರಬಂತು, ಮೊದಲಿಂದ ಕೊನೆಯವರೆಗೆ.

ಹಾಲೇಶಿಗೆ ಅಳು ನಿಂತಿತು, ಸಿಟ್ಟು ಬಂತು.

"ಬರೆದಿಡಬಾರದು ಅಂದವರು ನೀವೇ."

"ಹೂಂ."

"ಬರೆದಿಟ್ಟವರೂ ನೀವೇ."

"ಹೂಂ. ಹೋದ ಮಳೆಗಾಲ ಕುರಿ ಕಾಯೋನನ್ನ ಹೊತ್ಕೊಂಡು ಬಂದ್ರಲ್ಲ, ನೆನಪಿದೆಯಾ?"

ನೆನಪಿಲ್ಲದೆ ಏನು? ಅವತ್ತು ಅಯ್ಯ ತಾವು ಸುಮ್ಮನಿದ್ದು ಹಾಲೇಶಿಯಿಂದಲೇ ಮಂತ್ರ ಹೇಳಿಸಿದ್ದರು. ತನಗೆ ಕೊಟ್ಟ ಮರ್ಯಾದೆ ಅದು ಎಂದು ಅವನು ವಾರಗಟ್ಟಲೆ ಬೀಗಿದ್ದ.

"ನೀನು ಆಗಷ್ಟೇ ಕಾಡಿಂದ ಬಂದಿದ್ದೆ. ಬರೋದು ತಡ ಆಗಿದ್ರೆ ಅವನು ನನ್ನ ಕಣ್ಣೆದುರೇ ಸಾಯ್ತಿದ್ದ. ಬಾಯಿ ಖಾಲಿ ಇಟ್ಕೊಂಡು ನಾನು ನೋಡ್ತಾ ಕೂತಿರ್ತಿದ್ದೆ. ಬೇಡ ಅಂತ ನಿಂಗೆ ಸುಮ್ನೆ ಹೇಳಿದ್ನಾ?"

ಹಾಲೇಶಿ ತಲೆ ತಗ್ಗಿಸಿದ. ಖಾಲಿ ತಾಯಿತವನ್ನು ಬೆರಳಲ್ಲಿ ತಿರುಗಿಸುತ್ತ ಕೂತ. ಮಾತಿನ ನಡುವೆಯೂ ಒಮ್ಮೆ ಬಾಯಿ ತೆರೆದು ನೋಡಿಕೊಂಡ. ಬರಲಿಲ್ಲ. ಗಿರಿಜೆ ಚೆನ್ನಾಗಿದ್ದಾಳೆ.

ಅಯ್ಯ ಅದನ್ನು ನೋಡಿದರು.

"ಒಂದೇ ರಾತ್ರಿಗೆ ನಾನು ಹಣ್ಣಾಗಿ ಹೋದೆ ಅಯ್ಯ" ಎಂದ ಹಾಲೇಶಿ. "ನೀವು ಇಷ್ಟು ವರ್ಷ ಬಾಯಿ ಖಾಲಿ ಮಾಡ್ಕೊಂಡು ಅದು ಹೇಗೆ ನೆಮ್ಮದಿಯಾಗಿ ಕೂತಿದ್ರಿ?"

"ನೆಮ್ಮದಿಯಾಗಿ ಎಲ್ಲಿ ಕೂತಿದ್ದೆ? ನೀನು ಕಾಡಿಗೆ ಹೋದ ದಿನವೆಲ್ಲ ಹೇಳಿ ಹೇಳಿ ನೋಡ್ತಿದ್ದೆ. ಬರ್ತಿರಲಿಲ್ಲ. ಸದ್ಯ, ಊಟಕ್ಕೆ ಬರ್ತಾನೆ ಅಂತ ಎದ್ದು ಒಲೆ ಹಚ್ತಿದ್ದೆ."