ಅಳಿಸಿದ ಸಾಲು

"ಊರ ಸಭೆಯಲ್ಲಿ ಎಲ್ಲರೂ ಒಪ್ಪಿ ಮಾಡಿದ ಕಟ್ಟಳೆಗೆ ಆ ಹಳೆಯ ಶಾಸನ ಯಾಕೆ ಅಡ್ಡ ಬರಬೇಕು, ಗುರುಗಳೇ?" ಎಂದು ಮಲ್ಲಿದೇವ ಕೇಳಿದ. ಅವನು ತನ್ನೂರಿನ ಸಭೆಗೆ ಹೊಸದಾಗಿ ಮುಖ್ಯಸ್ಥನಾಗಿದ್ದ. ಇದೇ ಪ್ರಶ್ನೆಯನ್ನು ಅವನು ಕೇಳುತ್ತಿದ್ದುದು ಮೂರನೆಯ ಸಲ.

ಗುರುಗಳು ನಿಟ್ಟುಸಿರು ಬಿಟ್ಟರು. "ಕೂತುಕೋ ಮಾರಾಯ, ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಬೇರೆ ಕಡೆಯಿಂದ ಬಂದು ನೆಲೆಸಿದವನು. ಊರ ಕೆರೆಯ ಜೇಡಿಮಣ್ಣೇ ಅವನಿಗೆ ಅನ್ನ. ಒಂದು ದಿನ ಸಭೆ ಸೇರಿ, ಈ ಊರಲ್ಲೇ ಹುಟ್ಟಿದವರ ಹೊರತು ಯಾರೂ ಕೆರೆಯ ಮಣ್ಣು ಮುಟ್ಟಕೂಡದೆಂದು ಕಟ್ಟಳೆ ಮಾಡಿತು. ಕುಂಬಾರನ ತಿಗರಿ ನಿಂತಿತು. ಹೆಂಡತಿ ಮಕ್ಕಳು ಗಂಜಿಗೆ ಬಿದ್ದರು.

ಆ ಊರಿಗೆ ಅರಸ ಕೊಟ್ಟ ಶಾಸನವೊಂದಿತ್ತು, ತಾಮ್ರದ ತಗಡಿನ ಮೇಲೆ ಕೊರೆಸಿದ್ದು. ಕೆರೆಯ ಮಣ್ಣು ಮಡಕೆ ಮಾಡುವ ಯಾರಿಗಾದರೂ ಸಲ್ಲುತ್ತದೆ, ಸಭೆ ಅದನ್ನು ತಡೆಯಕೂಡದು ಎಂದು ಅದರಲ್ಲಿ ಒಂದು ಸಾಲಿತ್ತು. ಅದನ್ನು ಎಲ್ಲರೆದುರು ಓದಿಸಿ ಎಂದು ಕುಂಬಾರ ಅಂಗಲಾಚಿದ. ಶಾಸನದ ಪೆಟ್ಟಿಗೆಯ ಬೀಗದ ಕೈ ಇಲ್ಲ ಎಂದರು ಸಭೆಯ ಹಿರಿಯರು. ಮರುದಿನ ಓದುವವನಿಲ್ಲ ಎಂದರು. ಆಮೇಲೆ, ಇವತ್ತು ಅಮಾವಾಸ್ಯೆ ಎಂದರು. ಅಲೆದಲೆದು ಅವನ ಕಾಲು ಬಿದ್ದುಹೋಯಿತು. ಥೂ, ಎಂಥ ಜನವಪ್ಪಾ ಇವರು ಎಂದು ತಲೆ ಚಿಟ್ಟು ಹಿಡಿಯಿತು. ಆದರೂ ಅವನು ಬಿಡಲಿಲ್ಲ.

ಇವನ ಕಾಟ ತಾಳಲಾರದೆ ಹಿರಿಯರು ಶಾಸನವನ್ನು ಕಂಚುಗಾರನ ಬಳಿ ಒಯ್ದು, ಮಣ್ಣಿನ ಸಾಲನ್ನು ಬಡಿದು ಅಳಿಸು ಎಂದರು.

"ಹಿಂಬದಿಯಲ್ಲಿ ಏನಿದೆಯೋ ಒಮ್ಮೆ ನೋಡಿ, ಯಜಮಾನರೇ" ಎಂದ ಕಂಚುಗಾರ.

"ಹೇಳಿದಷ್ಟು ಮಾಡಯ್ಯ. ಅಧಿಕಪ್ರಸಂಗ ಬೇಡ."

ಅವನು ತಗಡನ್ನು ಅಡಿಗಲ್ಲಿನ ಮೇಲಿಟ್ಟು ಬಡಿದ.

ಮರುದಿನ ಕುಂಬಾರ ಬುಟ್ಟಿ ಹಿಡಿದು ಕೆರೆಗಿಳಿದೇಬಿಟ್ಟ. ಹಿರಿಯರು ಓಡಿಬಂದು ಅಡ್ಡ ನಿಂತರು. ಶಾಸನದಲ್ಲಿ ಮಣ್ಣಿನ ಮಾತೇ ಇಲ್ಲ, ಬೇಕಾದರೆ ನೋಡಿಕೋ ಎಂದು ತಗಡನ್ನು ಅವನ ಮುಖಕ್ಕೆ ಹಿಡಿದರು.

"ಆಯಿತು ಸ್ವಾಮಿ. ನಿಮ್ಮ ಮಾತನ್ನು ನಾನು ಕೇಳಬೇಕೆಂದು ಎಲ್ಲಿ ಬರೆದಿದೆ?" ಎಂದ ಕುಂಬಾರ.

ಅವರು ಠೀವಿಯಿಂದ ತಗಡನ್ನು ಮಗುಚಿದರು. ಈ ಊರಿಗೊಂದು ಸಭೆ ಇರಲಿ, ಅದರ ಕಟ್ಟಳೆ ನಡೆಯಲಿ ಎಂಬ ಸಾಲು ಮಣ್ಣಿನ ಸಾಲಿನ ಬೆನ್ನಿಗೇ ಇತ್ತು. ಸುತ್ತಿಗೆಯ ಏಟಿಗೆ ಅದೂ ನುಣ್ಣಗಾಗಿತ್ತು. ಕುಂಬಾರ ಮಣ್ಣು ತುಂಬಿಕೊಂಡು ಮನೆಗೆ ಹೋದ.

"ಎಂಥ ಮೂರ್ಖರು!" ಎಂದು ಮಲ್ಲಿದೇವ ನಕ್ಕ.

ಗುರುಗಳು ಕೇಳಿದರು: "ನಿಮ್ಮೂರಿನ ಶಾಸನವನ್ನು ನೀನು ಎಂದಾದರೂ ಮಗುಚಿ ನೋಡಿದ್ದೀಯೇನಪ್ಪಾ?"