ಪಮೂನನ ಉಪವಾಸ

ನೈಲ್ ನದಿಯಿಂದ ಸ್ವಲ್ಪ ದೂರ, ಮರಳುಗಾಡಿನ ಅಂಚಿನಲ್ಲಿ, ಯೇಸುವನ್ನು ನಂಬಿ ಬದುಕುವ ಕೆಲವು ಸನ್ಯಾಸಿಗಳ ಗುಡಿಸಲುಗಳಿದ್ದವು. ಅವರು ಖರ್ಜೂರದ ಗರಿಯ ಚಾಪೆ ಹೆಣೆದು ಹೊಟ್ಟೆ ಹೊರೆಯುತ್ತಿದ್ದರು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಅವರಿಗೆ ಸಂಜೆಗೊಂದೇ ಊಟ. ಆ ದಿನಗಳಲ್ಲಿ ಯಾರೂ ನದಿಯ ಕಡೆ ಇಳಿಯಬಾರದೆಂಬುದು ಕಟ್ಟಳೆ.

ಒಂದು ವರ್ಷದ ತಪಸ್ಸುಕಾಲದಲ್ಲಿ ಪಮೂನನೆಂಬ ಸನ್ಯಾಸಿ ನದಿಯತ್ತ ಹೋದ ಹೆಜ್ಜೆಗಳನ್ನು ಮರಳಿನಲ್ಲಿ ಕಂಡ. ಅವು ನೆರೆಯ ಸೆರಾಪಿಯ ಗುಡಿಸಲಿನಿಂದ ಹೊರಟಿದ್ದವು. ನೋಡಿ ಸುಮ್ಮನಿರಬಹುದಿತ್ತು. ಇರಲಿಲ್ಲ.

"ಸೆರಾಪಿ ನದಿ ದಡದ ಹೆಂಡದಂಗಡಿಗೆ ಹೋಗ್ತಾನೆ" ಎಂದು ಎಲ್ಲರ ಮುಂದೆ ಅಂದುಬಿಟ್ಟ.

ಸೆರಾಪಿ ತುಟಿ ಬಿಚ್ಚಲಿಲ್ಲ. ಅಂದಿನಿಂದ ಅವನನ್ನು ಊಟದ ಪಂಕ್ತಿಯಿಂದ ಹೊರಗಿಟ್ಟರು.

ಕೆಲವು ದಿನ ಕಳೆದು ಒಬ್ಬ ದೋಣಿಯವನು ಪಮೂನನ ಬಾಗಿಲಿಗೆ ಬಂದ.

"ಸೆರಾಪಿ ಸ್ವಾಮಿಗಳು ಎಲ್ಲಿರ್ತಾರೆ? ಜ್ವರದಲ್ಲಿ ಬಿದ್ದಿದ್ದೆ. ದಿನಾ ಬಂದು ಬಾಯಿಗೆ ನೀರು ಬಿಟ್ಟು ಬದುಕಿಸಿದರು. ಯಾರಿಗೂ ಹೇಳಬೇಡ ಅಂದಿದ್ದರು."

ತಾನು ಆಡಿದ್ದು ಸುಳ್ಳೆಂದು ಪಮೂನನಿಗೆ ತಿಳಿಯಿತು. ಗುಡಿಸಲು ತೋರಿಸಿ ಕಳಿಸಿದ. ಆದರೆ ಎಲ್ಲರ ಮುಂದೆ ತಪ್ಪಾಯಿತೆನ್ನಲು ನಾಲಿಗೆ ಏಳಲಿಲ್ಲ. ಅದರ ಬದಲು ಉಪವಾಸ ಹಿಡಿದ. ಸಂಜೆಯ ರೊಟ್ಟಿಯನ್ನೂ ಬಿಟ್ಟ. ಉರಿಬಿಸಿಲಲ್ಲಿ ಮೊಣಕಾಲೂರಿ ಅತ್ತ.

"ಎಂಥ ಭಕ್ತಿ!" ಎಂದು ಉಳಿದವರು ಕೈಮುಗಿದರು. ನಿಜ ಹೇಳಬೇಕೆಂದರೆ, ಪಮೂನನಿಗೆ ಅದು ಹಿತವಾಗಿಯೇ ಇತ್ತು.

ಒಂದು ಮಧ್ಯಾಹ್ನ ಗುರು ಥಿಯೋನರು ಬಂದು ಪಕ್ಕದಲ್ಲಿ ಕುಳಿತರು.

"ಯಾಕಯ್ಯ, ಸೊರಗಿ ಕಡ್ಡಿಯಾಗಿದ್ದೀಯ?"

ಪಮೂನ ನಡೆದದ್ದೆಲ್ಲ ಹೇಳಿದ. "ಪಶ್ಚಾತ್ತಾಪ ಪಡ್ತಿದ್ದೀನಿ, ಗುರುಗಳೇ."

"ಯಾರ ಮುಂದೆ?"

"ದೇವರ ಮುಂದೆ."

"ಪಂಕ್ತಿಯಿಂದ ಎಬ್ಬಿಸಿದ್ದು ದೇವರನ್ನೇನು?"

ಥಿಯೋನರೇ ಮುಂದುವರಿಸಿದರು:

"ನೀನು ಹಸಿದಷ್ಟೂ ನಿನ್ನ ಹೆಸರು ಬೆಳೀತಿದೆ. ಅತ್ತ ಸೆರಾಪಿ ಗಂಟು ಕಟ್ತಿದ್ದಾನೆ. ನಾಳೆ ಬೆಳಗಿನ ದೋಣಿಗೆ ಹೊರಟುಹೋಗ್ತಾನಂತೆ."

"ಅಯ್ಯೋ, ನಾನೀಗ ಏನು ಮಾಡಲಿ?"

"ಎಲ್ಲರ ಮುಂದೆ ಆಡಿದ ಮಾತನ್ನ ಎಲ್ಲರ ಮುಂದೆ ವಾಪಸ್ ತಗೋ. ಆಮೇಲೆ ಅವನ ಗುಡಿಸಲಿಗೆ ಹೋಗಿ ಊಟ ಕೇಳು."

"ಊಟಾನಾ? ಕ್ಷಮೆ ಅಲ್ಲವಾ ಕೇಳಬೇಕಾದ್ದು? ನನ್ನ ವ್ರತ ಬೇರೆ..."

"ಹಸಿದಿರೋನು ಊಟ ಕೇಳಬೇಕಪ್ಪ."

ಸಂಜೆ ಪಂಕ್ತಿಯಲ್ಲಿ ಪಮೂನ ಎದ್ದು ನಿಂತ.

"ನಾನು ಕಂಡದ್ದು ಹೆಜ್ಜೆ ಮಾತ್ರ. ಹೆಂಡದಂಗಡಿ ನಾನು ಸೇರಿಸಿದ್ದು. ಸೆರಾಪಿ ಹೋಗ್ತಿದ್ದದ್ದು ರೋಗಿಯ ಆರೈಕೆಗೆ."

ನಿನ್ನೆ ಕೈಮುಗಿದವರೇ ಇಂದು ಮುಖ ತಿರುಗಿಸಿದರು. ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅಲ್ಲಿಂದ ನೇರ ಸೆರಾಪಿಯ ಬಾಗಿಲಿಗೆ ಹೋದ. ಸೆರಾಪಿಯ ಗಂಟು ಆಗಲೇ ಸಿದ್ಧವಾಗಿತ್ತು.

"ನಿನ್ನ ಮೇಲೆ ಸುಳ್ಳು ಹೇಳಿದ್ದೆ. ಈಗ ಎಲ್ಲರಿಗೂ ನಿಜ ತಿಳಿಸಿ ಬಂದೆ" ಎಂದ ಪಮೂನ. ಸ್ವಲ್ಪ ತಡೆದು, "ಹಸಿವಾಗಿದೆ. ತಿನ್ನೋಕೆ ಏನಾದರೂ ಇದೆಯಾ?" ಎಂದು ಕೇಳಿದ.

ಸೆರಾಪಿ ಗಂಟು ಬಿಚ್ಚಿ, ಅದರಿಂದ ಪಾತ್ರೆ ತೆಗೆದು ಒಲೆ ಹೊತ್ತಿಸಿದ. ಪಮೂನ ಅಳುತ್ತಲೇ ಗಂಜಿ ಕುಡಿದ.

ಮರುದಿನ ಬೆಳಿಗ್ಗೆ ಅವನು ಗುರುಗಳ ಬಳಿಗೆ ಬಂದಾಗ ಮುಖ ಬಾಡಿತ್ತು.

"ಗಂಜಿ ಕೊಟ್ಟ, ಗುರುಗಳೇ. ಆದರೆ ಕ್ಷಮಿಸಿದೆ ಅನ್ನಲಿಲ್ಲ. ಒಂದು ಮಾತೂ ಆಡಲಿಲ್ಲ."

"ದೋಣಿ ಹೊರಟಿತಾ?"

"ಆಗಲೇ ಹೊರಟಿತು."

"ಸೆರಾಪಿ ಎಲ್ಲಿ?"

"ಗುಡಿಸಲ ಮುಂದೆ ಚಾಪೆ ಹೆಣೀತಾ ಕೂತಿದ್ದಾನೆ."

"ಇನ್ನೇನು ಹೇಳಬೇಕಿತ್ತಯ್ಯ ಅವನು?" ಎಂದರು ಥಿಯೋನರು.